ಮೊದಲು ಸೌದೆ, ಆಮೇಲೆ ಧ್ಯಾನ: ಫಿನ್ಲೆಂಡಿನ ಸರೋವರದ ದಡದಲ್ಲಿ ಸರಳವಾಗಿ ಬದುಕುವುದು ಹೇಗೆ

ಫಿನ್ಲೆಂಡಿನ ಸರೋವರದ ದಡದಲ್ಲಿ ಒಂದು ಮರದ ಮನೆ ಹಿಡಿದು ಒಂದಷ್ಟು ಕಾಲ ಶಾಂತವಾಗಿ ಇರಬೇಕು ಎಂದು ಹೊರಡುವವರು ಸಾಮಾನ್ಯವಾಗಿ ಧ್ಯಾನದ ಚಾಪೆ, ಜಪಮಾಲೆ, ಓದಲಾಗದೆ ಉಳಿದ ನಾಲ್ಕು ಪುಸ್ತಕ ಕಟ್ಟಿಕೊಂಡು ಬರುತ್ತಾರೆ. ನಾನೂ ಹಾಗೆಯೇ ಬಂದವನು. ಮೊದಲ ವಾರ ಚಾಪೆಯ ಸುರುಳಿ ಬಿಚ್ಚಲೇ ಇಲ್ಲ. ಸೌದೆ ಹಸಿ, ಮನೆ ತುಂಬ ಹೊಗೆ, ಬಾವಿಯ ಪಂಪಿನ ಕೊಳವೆಯಲ್ಲಿ ನೀರು ಹೆಪ್ಪುಗಟ್ಟಿತ್ತು, ಮಧ್ಯಾಹ್ನ ಮೂರಕ್ಕೆಲ್ಲ ಕತ್ತಲು. ಮೌನವೇನೋ ಬೇಕಾದಷ್ಟಿತ್ತು, ಅದರೊಳಗೆ ಕೂರಲು ಪುರುಸೊತ್ತಿರಲಿಲ್ಲ.

ಆಮೇಲೆ ಹೊಳೆದದ್ದು ಇಷ್ಟು: ಇಲ್ಲಿ ಕೆಲಸ ಮುಗಿಸಿ ಸಾಧನೆಗೆ ಕೂರುತ್ತೇನೆ ಎಂದರೆ ಆಗದು. ಸೌದೆ, ನೀರು, ಬೆಂಕಿ, ಕೊಳೆ ಈ ನಾಲ್ಕನ್ನು ಹೊತ್ತಿಗೆ ಸರಿಯಾಗಿ ನೋಡಿಕೊಳ್ಳುವುದೇ ಇಲ್ಲಿನ ಸಾಧನೆ. ಅದಕ್ಕೇ ಈ ಬರಹದ ಹೆಚ್ಚಿನ ಭಾಗ ಒಲೆ, ಬಾವಿ, ಕಕ್ಕಸುಗಳ ಸುತ್ತಲೇ ಇದೆ. ಅಧ್ಯಾತ್ಮ ಎಲ್ಲಿ ಎಂದು ಹುಡುಕುವವರು ಸ್ವಲ್ಪ ತಾಳಿ.

ಹೆಜ್ಜೆ 1: ಜುಲೈಯಲ್ಲಿ ಮರುಳಾಗಬೇಡಿ, ನವೆಂಬರಿನಲ್ಲಿ ಬಂದು ನೋಡಿ

500 ಚದರ ಮೀಟರಿಗಿಂತ ದೊಡ್ಡ ಜಲರಾಶಿಗಳನ್ನು ಎಣಿಸಿದರೆ ಫಿನ್ಲೆಂಡಿನಲ್ಲಿ 1,87,888 ಸರೋವರಗಳಿವೆ. 'ಮೊಕ್ಕಿ' ಎಂದು ಕರೆಯುವ ರಜಾಮನೆಗಳು ಐದು ಲಕ್ಷಕ್ಕೂ ಹೆಚ್ಚು. ಹೀಗಾಗಿ ಆಯ್ಕೆಗೇನೂ ಬರವಿಲ್ಲ. ಆದರೆ ಜುಲೈಯಲ್ಲಿ ಎಲ್ಲ ಮನೆಯೂ ಚಂದವೇ. ರಾತ್ರಿ ಹತ್ತಕ್ಕೂ ಬಿಸಿಲು, ಅಂಗಳದಲ್ಲೇ ಬೆರಿ ಹಣ್ಣು, ಕಾಲಿಳಿಬಿಟ್ಟು ಕೂರಲು ಮರದ ದೋಣಿಗಟ್ಟೆ. ನವೆಂಬರಿನಲ್ಲಿ ಒಂದು ವಾರ ಬಾಡಿಗೆಗೆ ಹಿಡಿದು ನೋಡಿ. ಎಲೆ ಉದುರಿದೆ, ಹಿಮ ಇನ್ನೂ ಬಿದ್ದಿಲ್ಲ, ನೆಲ ಕಪ್ಪು, ನೀರು ಕಪ್ಪು, ಆಕಾಶ ಬೂದಿ. ಆ ವಾರ ನಿಮ್ಮನ್ನು ನೀವು ಸಹಿಸಿಕೊಂಡರೆ ಮುಂದಿನ ಮಾತು.

ನೋಡುವಾಗ ಮನೆಗಿಂತ ಮೊದಲು ಮನೆಯ ದಕ್ಷಿಣ ದಿಕ್ಕು ನೋಡಿ. ಸರೋವರ ಸೀಮೆಯ ಸವೊನ್ಲಿನ್ನಾ ಊರಿನ ಆಸುಪಾಸಿನಲ್ಲಿ ಡಿಸೆಂಬರ್ ಕೊನೆಯ ಮಧ್ಯಾಹ್ನದ ಸೂರ್ಯ ದಿಗಂತದಿಂದ ಹೆಚ್ಚುಕಡಿಮೆ 5 ಡಿಗ್ರಿಯಷ್ಟೇ ಮೇಲೇಳುತ್ತಾನೆ. ದಕ್ಷಿಣಕ್ಕೆ ದಟ್ಟ ಸ್ಪ್ರೂಸ್ ಕಾಡಿದ್ದರೆ ವಾರಗಟ್ಟಲೆ ಮನೆಯೊಳಗೆ ಬಿಸಿಲಿನ ಒಂದು ಕೋಲೂ ಬೀಳದು. ದಕ್ಷಿಣಕ್ಕೆ ನೀರು ತೆರೆದುಕೊಂಡಿದ್ದರೆ ಆ ಬಡಕಲು ಬಿಸಿಲೂ ಹಿಮದ ಮೇಲೆ ಬಿದ್ದು ಒಳಗೆ ಹೊರಳುತ್ತದೆ. ಮಾರುವವರು ಪಡುವಣ ದಡದ ಸೂರ್ಯಾಸ್ತವನ್ನು ಹೊಗಳುತ್ತಾರೆ. ಚಳಿಗಾಲಕ್ಕೂ ಇರುವವರಿಗೆ ತೆಂಕಣವೇ ಮೇಲು ಎಂಬುದು ನನ್ನ ಅಭಿಪ್ರಾಯ.

ಎರಡನೆಯದು, ಹಿಮ ಬಿದ್ದಾಗ ರಸ್ತೆ ಯಾರು ತೆರವು ಮಾಡುತ್ತಾರೆ ಎಂದು ಕೇಳಿ. ದಡದ ಮನೆಗಳಿಗೆ ಹೋಗುವ ದಾರಿ ಬಹುತೇಕ ಖಾಸಗಿ. ಅಕ್ಕಪಕ್ಕದವರು ಸೇರಿ ಖರ್ಚು ಹಂಚಿಕೊಳ್ಳುತ್ತಾರೆ, ಅಥವಾ ಚಳಿಗಾಲದಲ್ಲಿ ಯಾರೂ ತೆರವು ಮಾಡುವುದೇ ಇಲ್ಲ.

ಕೊಳ್ಳುವ ಯೋಚನೆ ಇದ್ದರೆ ಎರಡು ಕಾನೂನಿನ ಮಾತು. ಯುರೋಪಿಯನ್ ಒಕ್ಕೂಟ ಮತ್ತು ಯುರೋಪಿಯನ್ ಆರ್ಥಿಕ ವಲಯದ ಹೊರಗಿನ ದೇಶಗಳ ಪ್ರಜೆಗಳು ಇಲ್ಲಿ ನೆಲ ಸಮೇತ ಆಸ್ತಿ ಕೊಳ್ಳಬೇಕಾದರೆ 2020ರ ಜನವರಿ 1ರಿಂದ ಫಿನ್ಲೆಂಡಿನ ರಕ್ಷಣಾ ಸಚಿವಾಲಯದ ಅನುಮತಿ ಬೇಕು. ಭಾರತದ ಪಾಸ್‌ಪೋರ್ಟ್ ಇರುವವರಿಗೂ ಇದು ಅನ್ವಯ. ಇನ್ನೊಂದು, ರಜಾಮನೆ ಎಂದು ಗುರುತಾದ ಕಟ್ಟಡವನ್ನು ವರ್ಷಪೂರ್ತಿ ವಾಸದ ಮನೆಯಾಗಿ ಬದಲಿಸಲು ಸ್ಥಳೀಯ ಪುರಸಭೆಯ ಅನುಮತಿ ಬೇಕಾಗುತ್ತದೆ. ಮುಂಗಡ ಕೊಡುವ ಮೊದಲೇ ವಿಚಾರಿಸಿಕೊಳ್ಳಿ.

ಹೆಜ್ಜೆ 2: ಸೌದೆ

ಇಲ್ಲಿನ ಒಳ್ಳೆಯ ಸೌದೆ ಬರ್ಚ್. ನಮ್ಮವರು ಗ್ರಂಥ ಬರೆಯುತ್ತಿದ್ದ ಭೂರ್ಜಪತ್ರದ ಮರದ್ದೇ ಕುಲ. ಬಿಳಿ ತೊಗಟೆಯನ್ನು ಬೆರಳಲ್ಲಿ ಸುಲಿದರೆ ಕಾಗದದಂತೆ ಬರುತ್ತದೆ, ಒದ್ದೆಯಾಗಿದ್ದರೂ ಹೊತ್ತಿಕೊಳ್ಳುತ್ತದೆ. ಒಲೆ ಹೊತ್ತಿಸಲು ಬೇರೆ ಯಾವ ಎಣ್ಣೆಯೂ ಬೇಡ. ಅಚ್ಚುಕಟ್ಟಾಗಿ ಒಟ್ಟಿದ, ಒಣಗಿದ ಒಂದು ಘನಮೀಟರ್ ಬರ್ಚ್ ಸೌದೆ ಸುಮಾರು 1,700 ಯೂನಿಟ್ ಕರೆಂಟಿಗೆ ಸಮನಾದ ಶಾಖ ಕೊಡುತ್ತದೆ. ಪೈನ್, ಸ್ಪ್ರೂಸ್ ಅದಕ್ಕಿಂತ ಕಡಿಮೆ.

ಕ್ರಮ ಹೀಗೆ. ಮರ ಕಡಿಯುವುದು ಚಳಿಗಾಲದ ಕೊನೆಯಲ್ಲಿ, ಮರದೊಳಗೆ ರಸ ಏರುವ ಮೊದಲು. ತುಂಡು ಮಾಡಿ ಸೀಳುವುದು ಮೇ ತಿಂಗಳ ಒಳಗೆ. ಒಣಗಿಸುವುದು ಮೇಯಿಂದ ಆಗಸ್ಟ್, ಅದರಲ್ಲೂ ವಸಂತದ ಒಣಗಾಳಿಯೇ ನಿಜವಾದ ಬಂಡವಾಳ. ಆಗಸ್ಟ್ ಮುಗಿಯುವಷ್ಟರಲ್ಲಿ ಮಾಡಿನ ಕೆಳಗೆ ಸೇರಿಸಬೇಕು, ಶರತ್ಕಾಲದ ತೇವಕ್ಕೆ ಸಿಕ್ಕಿದ ಸೌದೆ ಒಣಗಿದ್ದಷ್ಟನ್ನೂ ಮತ್ತೆ ಕುಡಿಯುತ್ತದೆ. ತೇವಾಂಶ ಶೇ 20ಕ್ಕಿಂತ ಕೆಳಗಿರಬೇಕು. ಅಳೆಯುವ ಪುಟ್ಟ ಉಪಕರಣ ಸಿಗುತ್ತದೆ. ಇಲ್ಲದಿದ್ದರೆ ಎರಡು ಸೀಳನ್ನು ಒಂದಕ್ಕೊಂದು ತಟ್ಟಿ: ಒಣಗಿದ್ದು ಟಣ್ ಎನ್ನುತ್ತದೆ, ಹಸಿಯದ್ದು ದಬ್ ಎನ್ನುತ್ತದೆ.

ಒಟ್ಟುವಾಗ ನೆಲಕ್ಕೆ ತಾಗಿಸಬೇಡಿ, ಕೆಳಗೆ ಎರಡು ಉದ್ದ ದಿಮ್ಮಿ ಇರಲಿ. ಮೇಲೆ ಮಾತ್ರ ಮುಚ್ಚಿ, ಪಕ್ಕಗಳು ಗಾಳಿಗೆ ತೆರೆದಿರಲಿ. ಮೊದಲ ವರ್ಷ ನಾನು ಬುದ್ಧಿವಂತಿಕೆ ತೋರಿಸಿ ಇಡೀ ಒಟ್ಟಿಲಿಗೆ ಪ್ಲಾಸ್ಟಿಕ್ ಹೊದಿಸಿ ಸುತ್ತ ಹಗ್ಗ ಬಿಗಿದಿದ್ದೆ. ಅಕ್ಟೋಬರಿನಲ್ಲಿ ಬಿಚ್ಚಿದರೆ ಒಳಗೆ ಬೂಸ್ಟು. ಪಕ್ಕದ ಮನೆಯ ಹಿರಿಯರು ಬಂದು ನೋಡಿದರು, ಒಂದು ಮಾತೂ ಆಡಲಿಲ್ಲ, ಮರುದಿನ ಒಂದು ಗಾಡಿ ಒಣಸೌದೆ ತಂದು ಅಂಗಳದಲ್ಲಿ ಇಳಿಸಿ ಹೋದರು.

ಉರಿಸುವ ಕ್ರಮವೂ ಕಲಿಯಬೇಕಾದದ್ದೇ. ಸೌದೆಯನ್ನು ಒಂದೆರಡು ದಿನ ಮೊದಲೇ ಒಳಗೆ ತಂದಿಡಿ. ದಪ್ಪನೆಯದು ಕೆಳಗೆ, ಸಣ್ಣದು ಮೇಲೆ, ಬೆಂಕಿ ಹೊತ್ತಿಸುವುದು ಮೇಲಿನಿಂದ. ನಮಗೆ ಇದು ತಲೆಕೆಳಗಾಗಿ ಕಾಣುತ್ತದೆ, ಆದರೆ ಹೊಗೆ ಬಹಳ ಕಡಿಮೆ. ಗಾಳಿಯ ಕಿಂಡಿ ಮುಚ್ಚಿ ಸೌದೆಯನ್ನು ಹೊಗೆಯಾಡಲು ಬಿಡುವುದು ಉಳಿತಾಯವಲ್ಲ, ಕೊಳವೆಯೊಳಗೆ ಮಸಿ ಕಟ್ಟಿಸುವ ದಾರಿ.

ಇಲ್ಲಿಂದ ಮುಂದಿನದು ಜೀವದ ಪ್ರಶ್ನೆ. ಕೆಂಡದ ಮೇಲೆ ನೀಲಿ ಜ್ವಾಲೆ ಕುಣಿಯುತ್ತಿರುವಷ್ಟು ಹೊತ್ತು ಹೊಗೆಕೊಳವೆಯ ಮುಚ್ಚಳ ಎಳೆದು ಮುಚ್ಚಬಾರದು. ಶಾಖ ಹೊರಗೆ ಹೋಗುತ್ತದಲ್ಲ ಎಂಬ ಜಿಪುಣತನಕ್ಕೆ ಬಿದ್ದು ಬೇಗ ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಕೋಣೆ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ಅದನ್ನು ಪತ್ತೆ ಮಾಡುವ ಅಲಾರಂ ಒಂದು ಖಂಡಿತ ಇರಲಿ. ಹೊಗೆಯ ಅಲಾರಂ ಅಂತೂ ಇಲ್ಲಿ ಕಡ್ಡಾಯ, ಪ್ರತಿ ಮಹಡಿಯಲ್ಲಿ 60 ಚದರ ಮೀಟರಿಗೆ ಒಂದರಂತೆ. ಬೂದಿಯನ್ನು ಮುಚ್ಚಳವಿರುವ ಕಬ್ಬಿಣದ ಬಕೆಟ್ಟಿಗೇ ಹಾಕಿ, ಅದನ್ನು ಕಲ್ಲಿನ ಮೇಲಿಡಿ, ಕೆಂಡ ಬೂದಿಯೊಳಗೆ ದಿನಗಟ್ಟಲೆ ಬದುಕಿರುತ್ತದೆ. ವಾಸದ ಮನೆಯ ಕೊಳವೆಯನ್ನು ವರ್ಷಕ್ಕೊಮ್ಮೆ, ಸ್ವಂತಕ್ಕೆ ಬಳಸುವ ರಜಾಮನೆಯದನ್ನು ಮೂರು ವರ್ಷಕ್ಕೊಮ್ಮೆ ತರಬೇತಾದವರಿಂದ ಗುಡಿಸಿಸಬೇಕು.

ಒಲೆಯ ಮುಂದೆ ಕೂತು ನೀಲಿ ಜ್ವಾಲೆ ಅಡಗುವುದನ್ನೇ ಕಾಯುವ ಅರ್ಧ ಗಂಟೆ ಇದೆಯಲ್ಲ, ಫೋನ್ ನೋಡಿದರೆ ಆ ಕ್ಷಣ ತಪ್ಪಿಹೋಗುತ್ತದೆ, ನಿದ್ದೆ ಮಾಡುವಂತಿಲ್ಲ, ಬೆಂಕಿಯನ್ನು ಅವಸರಪಡಿಸುವಂತೆಯೂ ಇಲ್ಲ. ಚಾಪೆಯ ಮೇಲೆ ವರ್ಷಗಟ್ಟಲೆ ಕೂತು ನನಗೆ ಒಲಿಯದ ಏಕಾಗ್ರತೆ ಅಲ್ಲಿ ತಾನಾಗಿ ಬಂತು.

ಹೆಜ್ಜೆ 3: ನೀರು ತರುವುದು, ಕೊಳೆ ಕಳೆಯುವುದು

ಸಂಗೀತಗಾರ ಜೀನ್ ಸಿಬೇಲಿಯಸ್ 1904ರಲ್ಲಿ ತೂಸುಲಾ ಸರೋವರದ ಹತ್ತಿರ 'ಐನೊಲಾ' ಎಂಬ ಮರದ ಮನೆ ಕಟ್ಟಿಕೊಂಡು 1957ರಲ್ಲಿ ಸಾಯುವವರೆಗೂ ಅಲ್ಲೇ ಇದ್ದ. ಅವನಿರುವಷ್ಟು ಕಾಲ ಆ ಮನೆಗೆ ನಲ್ಲಿ ನೀರು ಬರಲಿಲ್ಲ. ಕೊಳವೆಯೊಳಗೆ ನೀರು ಹರಿಯುವ ಸದ್ದು ಅವನಿಗೆ ಬೇಡವಾಗಿತ್ತು. ನಮಗೆ ಅಷ್ಟು ಸೂಕ್ಷ್ಮ ಕಿವಿ ಇಲ್ಲದಿದ್ದರೂ, ನೀರು ಹೊತ್ತು ತರುವ ಮನೆಯಲ್ಲಿ ಒಂದು ವಾರ ಇದ್ದರೆ ನೀರಿನ ಲೆಕ್ಕ ಕೈಗೇ ತಿಳಿಯುತ್ತದೆ. ಎರಡು ಬಕೆಟ್ಟಿನಲ್ಲಿ ಪಾತ್ರೆ, ಮೈ, ನೆಲ ಎಲ್ಲ ಆಗುತ್ತದೆ. ನೀರು ಹೊತ್ತು ತಂದ ಕೈ ಅದನ್ನು ಸುಮ್ಮನೆ ಚೆಲ್ಲುವುದಿಲ್ಲ.

ಕುಡಿಯುವ ನೀರು ಬಾವಿಯದ್ದಾದರೆ ಮೂರು ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಮಾಡಿಸಿ. ಕೊಳವೆಬಾವಿಯಾದರೆ ಇನ್ನೂ ಎಚ್ಚರ ಬೇಕು: ಗ್ರಾನೈಟ್ ಬಂಡೆಯೊಳಗಿಂದ ಬರುವ ನೀರಿನಲ್ಲಿ ರೇಡಾನ್, ಫ್ಲೋರೈಡ್, ಆರ್ಸೆನಿಕ್ ಇರಬಹುದು. ನೋಡಲು ಸ್ಫಟಿಕದಂತಿದೆ ಎಂಬುದು ಪ್ರಮಾಣವಲ್ಲ.

ಕೊಳೆನೀರಿನ ವಿಷಯದಲ್ಲಿ ಒಂದೇ ನಿಯಮ, ಸರೋವರಕ್ಕೆ ಏನೂ ಇಳಿಯಬಾರದು. 'ನಿಸರ್ಗಸ್ನೇಹಿ' ಎಂದು ಬರೆದಿರುವ ಸೋಪೂ ಅಷ್ಟೇ. ಸರೋವರಕ್ಕಿಳಿದು ತಲೆಗೆ ಶಾಂಪೂ ಹಾಕಿಕೊಳ್ಳುವ ಫೋಟೋ ಚಂದ ಕಾಣಬಹುದು, ಮಾಡಬೇಡಿ. ನೀರನ್ನು ದಡದಿಂದ ದೂರ ಒಯ್ದು ಅಲ್ಲಿ ಮಿಂದು, ಮಣ್ಣಿಗೆ ಚೆಲ್ಲಿ. ಹೊತ್ತು ತಂದ ಅಲ್ಪಸ್ವಲ್ಪ ನೀರನ್ನು ಹೀಗೆ ನೆಲಕ್ಕೆ ಬಿಡಬಹುದು. ಮನೆಯೊಳಗೆ ಕೊಳವೆ ನೀರು, ಫ್ಲಶ್ ಕಕ್ಕಸು ಬಂದರೆ ಲೆಕ್ಕವೇ ಬೇರೆ, ದಡದಿಂದ 100 ಮೀಟರ್ ಒಳಗಿನ ಮನೆಗಳಿಗೆ ಶುದ್ಧೀಕರಣದ ನಿಯಮ ಬಿಗಿ.

ಆದ್ದರಿಂದಲೇ ಒಣ ಕಕ್ಕಸು. ಇಲ್ಲಿನವರು 'ಹೂಸ್ಸಿ' ಎನ್ನುತ್ತಾರೆ, ಅಂಗಳದ ಮೂಲೆಯಲ್ಲಿ ಮರದ ಗೂಡು, ಬಾಗಿಲಿಗೆ ಹೃದಯದಾಕಾರದ ಕಿಂಡಿ. ಪ್ರತಿ ಸಲ ಒಂದು ಹಿಡಿ ಪೀಟ್ (ಜೌಗು ನೆಲದ ಒಣಮಣ್ಣು) ಅಥವಾ ಮರದ ಹೊಟ್ಟು ಉದುರಿಸಬೇಕು. ವಾಸನೆ ಬಂತೆಂದರೆ ಒಣಹೊಟ್ಟು ಸಾಲದು ಅಥವಾ ಮೂತ್ರ ಹೆಚ್ಚಾಗಿದೆ ಎಂದರ್ಥ. ಮೂತ್ರ ಬೇರೆಯಾಗಿ ಇಳಿಯುವಂತೆ ಮಾಡಿದರೆ ಅರ್ಧ ತೊಂದರೆ ಮುಗಿಯಿತು, ನೀರು ಬೆರೆಸಿ ಗಿಡಕ್ಕೂ ಹಾಕಬಹುದು. ತುಂಬಿದ್ದನ್ನು ಮುಚ್ಚಳವಿರುವ, ಕೆಳಗೆ ಸೋರದ ಗೊಬ್ಬರದ ಡಬ್ಬಿಯಲ್ಲಿ ಒಂದು ವರ್ಷವಾದರೂ ಕೊಳೆಯಲು ಬಿಟ್ಟು ಹೂಗಿಡದ ಬುಡಕ್ಕೆ ಹಾಕಿ. ಮೈನಸ್ 20ರಲ್ಲಿ ಹೊರಗಿನ ಕಕ್ಕಸಿಗೆ ಹೋಗುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಸ್ಟೈರೊಫೋಮಿನ, ಅಂದರೆ ಥರ್ಮೋಕೋಲಿನಂಥ ವಸ್ತುವಿನ ಆಸನ ಹಾಕಿಸಿ. ಮರದಂತೆ ಅದು ತಣ್ಣಗಿರುವುದಿಲ್ಲ, ಕೂತ ತಕ್ಷಣ ಬೆಚ್ಚಗಾಗುತ್ತದೆ. ಹಿಂತಿರುಗುವಾಗ ತಲೆಯೆತ್ತಿ ನೋಡಿ, ಅಷ್ಟು ನಕ್ಷತ್ರಗಳನ್ನು ನೀವು ಬೇರೆ ನೆಪದಲ್ಲಿ ಹೊರಬಂದು ನೋಡುತ್ತಿರಲಿಲ್ಲ.

ಕೊಳೆಯ ಜೊತೆ ಸರೋವರಕ್ಕೆ ಇಳಿದ ರಂಜಕ (ಫಾಸ್ಫರಸ್) ಎಲ್ಲಿಗೂ ಹೋಗುವುದಿಲ್ಲ, ಬೇಸಗೆಯ ಕೊನೆಯಲ್ಲಿ ನೀಲಿಹಸಿರು ಪಾಚಿಯಾಗಿ ಎದ್ದು ಬರುತ್ತದೆ. ಜುಲೈ, ಆಗಸ್ಟಿನಲ್ಲಿ ನೀರಿಗಿಳಿಯುವ ಮೊದಲು ನೋಡಿಕೊಳ್ಳಿ. ಕೋಲಿನಿಂದ ಎತ್ತಿದಾಗ ಎಳೆಎಳೆಯಾಗಿ ಜೋತುಬಿದ್ದರೆ ಅದು ಬೇರೆ ಪಾಚಿ, ಭಯವಿಲ್ಲ. ಪುಡಿಪುಡಿಯಾಗಿ ಚದುರಿದರೆ ಅನುಮಾನಿಸಿ. ಒಂದು ಗಾಜಿನ ಲೋಟದಲ್ಲಿ ನೀರು ತುಂಬಿ ಒಂದು ಗಂಟೆ ಬಿಡಿ, ಹಸಿರು ಕಣಗಳು ಮೇಲಕ್ಕೆ ಬಂದು ತೇಲಿದರೆ ಅದೇ. ಆ ನೀರಿನಲ್ಲಿ ಈಜಬೇಡಿ, ಸೌನಾ ಎಂಬ ಆವಿಸ್ನಾನದ ಕೋಣೆಯ ಕಾದ ಕಲ್ಲಿಗೂ ಹಾಕಬೇಡಿ. ಕುದಿಸಿದರೂ ಅದರ ವಿಷ ಹೋಗದು.

ಹೆಜ್ಜೆ 4: ಸೌನಾ

ಅಧ್ಯಾತ್ಮ ಎಲ್ಲಿ ಎಂದು ಕಾಯುತ್ತಿದ್ದವರು ಇಲ್ಲಿ ಕೂರಬಹುದು. ಕಾದ ಕಲ್ಲುಗಳ ಮೇಲೆ ನೀರು ಹಾಕಿದಾಗ ಏಳುವ ಆವಿಗೆ ಇಲ್ಲಿನವರು 'ಲೊಯ್ಲು' ಎನ್ನುತ್ತಾರೆ. ಆ ಪದದ ಹಳೆಯ ಅರ್ಥ ಉಸಿರು, ಜೀವ. ದೂರದ ನೆಂಟ ಭಾಷೆಯಾದ ಹಂಗೇರಿಯನ್ನಿನಲ್ಲಿ ಇದೇ ಮೂಲದ ಪದಕ್ಕೆ ಇವತ್ತಿಗೂ ಆತ್ಮ ಎಂದೇ ಅರ್ಥ. ನಾವು ಪ್ರಾಣ ಎನ್ನುವುದನ್ನು ಇವರು ಬಕೆಟ್ಟು ಸೌಟು ಹಿಡಿದು ಕಲ್ಲಿನಿಂದ ಎಬ್ಬಿಸುತ್ತಾರೆ. ಹಿಂದೆ ಹೆಂಗಸರು ಹೆರುತ್ತಿದ್ದದ್ದೂ ಸೌನಾದಲ್ಲೇ, ಸತ್ತವರಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದದ್ದೂ ಅಲ್ಲೇ. ಚರ್ಚಿನಲ್ಲಿ ಹೇಗೋ ಸೌನಾದಲ್ಲೂ ಹಾಗೇ ಇರಬೇಕು ಎಂಬುದು ಇಲ್ಲಿನ ಹಳೆಯ ಮಾತು. 2020ರಲ್ಲಿ ಯುನೆಸ್ಕೊ ಫಿನ್ಲೆಂಡಿನ ಸೌನಾ ಸಂಸ್ಕೃತಿಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ವಾರಕ್ಕೊಂದು ದಿನ ಗೊತ್ತು ಮಾಡಿಕೊಳ್ಳಿ, ವಾಡಿಕೆಯಂತೆ ಶನಿವಾರ. ಮಧ್ಯಾಹ್ನವೇ ನೆಲ ಗುಡಿಸಿ, ನೀರು ತುಂಬಿ, ಸೌದೆ ಹಚ್ಚಿ. 70ರಿಂದ 80 ಡಿಗ್ರಿ ಸಾಕು, ಹೆಚ್ಚು ತಾಳಿಕೊಳ್ಳುವ ಪಂದ್ಯ ಕಟ್ಟುವವರ ಜೊತೆ ಕೂರಬೇಡಿ. ನೀರನ್ನು ಒಂದೊಂದೇ ಸೌಟು ಹಾಕಿ, ಆವಿ ಛಾವಣಿಗೆ ಏರಿ ಬೆನ್ನ ಮೇಲೆ ಇಳಿಯುವವರೆಗೆ ಸುಮ್ಮನಿರಿ. ಬೇಸಗೆಯಲ್ಲಾದರೆ ಎಳೆಯ ಬರ್ಚ್ ಕೊಂಬೆಗಳ ಕಟ್ಟಿನಿಂದ ಮೈಗೆ ಬಡಿದುಕೊಳ್ಳುತ್ತಾರೆ, ಇದರ ಹೆಸರು ಪೂರ್ವದಲ್ಲಿ 'ವಸ್ತಾ', ಪಶ್ಚಿಮದಲ್ಲಿ 'ವಿಹ್ತಾ'. ಯಾವ ಹೆಸರು ಸರಿ ಎಂದು ಮಾತ್ರ ಕೇಳಬೇಡಿ, ಮಿತಭಾಷಿಗಳೂ ಅಂದು ಒಂದು ಗಂಟೆ ಮಾತಾಡುತ್ತಾರೆ.

ಚಳಿಗಾಲದಲ್ಲಿ ಮಂಜುಗಡ್ಡೆ ಕೊರೆದ ಕಿಂಡಿಗೆ ಇಳಿಯುವುದಿದ್ದರೆ: ಒಬ್ಬರೇ ಹೋಗಬೇಡಿ, ಕುಡಿದು ಹೋಗಬೇಡಿ, ಹಾರಬೇಡಿ. ಏಣಿ ಹಿಡಿದು ಕಾಲು ಮೊದಲಾಗಿ ಇಳಿಯಿರಿ, ಉಸಿರು ಹೊರಗೆ ಬಿಡುತ್ತಾ. ಮೊದಲ ಕ್ಷಣಗಳಲ್ಲಿ ಉಸಿರು ತಾನಾಗಿ ಒಳಕ್ಕೆ ಸೆಳೆಯುತ್ತದೆ, ಆಗ ತಲೆ ನೀರಿನೊಳಗಿದ್ದರೆ ಅಪಾಯ. ಅರ್ಧ ನಿಮಿಷ ಸಾಕೇ ಸಾಕು. ಹೃದಯದ ತೊಂದರೆ, ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳದೆ ಇಳಿಯಕೂಡದು.

ಹೆಜ್ಜೆ 5: ಗಡಿಯಾರ ಬದಲಿಸಿಕೊಳ್ಳಿ

ತ್ರಿಕಾಲ ಸಂಧ್ಯಾವಂದನೆ ಬಿಡದವರಿಗೆ ಇಲ್ಲೊಂದು ತಮಾಷೆಯ ತೊಡಕು. ಹೆಲ್ಸಿಂಕಿಯಲ್ಲೇ ಜೂನ್ ಕೊನೆಗೆ ಹಗಲು ಹತ್ತಿರಹತ್ತಿರ 19 ಗಂಟೆ, ಉಳಿದದ್ದೂ ರಾತ್ರಿಯಲ್ಲ, ಸಂಧ್ಯೆಯೇ. ಡಿಸೆಂಬರಿನಲ್ಲಿ ಹಗಲು 6 ಗಂಟೆಯೂ ಇಲ್ಲ, ಬೆಳಗಿನ ಸಂಧ್ಯೆಗೂ ಸಂಜೆಯ ಸಂಧ್ಯೆಗೂ ನಡುವೆ ಅಡುಗೆ ಮಾಡಿ ಊಟ ಮುಗಿಸುವಷ್ಟೇ ಬಿಡುವು. ಉತ್ತರಕ್ಕೆ ಹೋದಷ್ಟೂ ಈ ಲೆಕ್ಕ ಇನ್ನೂ ವಿಚಿತ್ರ.

ಹಾಗಾಗಿ ನಿತ್ಯವಿಧಿಯನ್ನು ಸೂರ್ಯನಿಗೆ ಕಟ್ಟದೆ ಕೆಲಸಗಳಿಗೆ ಕಟ್ಟಿ. ಒಲೆ ಹಚ್ಚುವ ಮುಂಚೆ ಹತ್ತು ನಿಮಿಷ, ನೀರು ತಂದ ಮೇಲೆ ಹತ್ತು ನಿಮಿಷ. ಬೇಸಗೆಯಲ್ಲಿ ಕಿಟಕಿಗೆ ದಪ್ಪ ಪರದೆ ಹಾಕಿ ಬಲವಂತವಾಗಿಯಾದರೂ ಮಲಗಿ, ಇಲ್ಲವಾದರೆ ಮೂರನೆಯ ದಿನ ಬುದ್ಧಿ ಮಂಕಾಗುತ್ತದೆ. ಚಳಿಗಾಲದಲ್ಲಿ ಬೆಳಕಿರುವ ಹೊತ್ತಿನಲ್ಲಿ ಏನೇ ಇದ್ದರೂ ಹೊರಗೆ ನಡೆಯಿರಿ. ವಿಟಮಿನ್ ಡಿ ಬಗ್ಗೆ ವೈದ್ಯರನ್ನು ಕೇಳಿ, ನಮ್ಮ ಕಪ್ಪು ಚರ್ಮಕ್ಕೆ ಈ ಅಕ್ಷಾಂಶದ ಬಿಸಿಲು ಸಾಲದು. ಕತ್ತಲಲ್ಲಿ ರಸ್ತೆಗಿಳಿದರೆ ಕೋಟಿಗೆ ಪ್ರತಿಫಲಕ ತೂಗುಹಾಕಿಕೊಳ್ಳಬೇಕು. ಸೌರಫಲಕ ನಂಬಿದವರಿಗೆ ಒಂದು ಮಾತು: ನವೆಂಬರಿನಿಂದ ಜನವರಿಯವರೆಗೆ ಅದು ಬರೀ ಅಲಂಕಾರ. ಮೇಣದಬತ್ತಿ ಇರಲಿ.

ಖಿನ್ನತೆ ಬಂದರೆ ಅದನ್ನು 'ಆತ್ಮದ ಕತ್ತಲ ರಾತ್ರಿ' ಎಂದೆಲ್ಲ ದೊಡ್ಡದು ಮಾಡಿಕೊಳ್ಳಬೇಡಿ. ಬೆಳಕಿಲ್ಲದ್ದಕ್ಕೆ ಬರುವ ತೊಂದರೆ ಅದು, ಬೆಳಕಿನ ದೀಪವಿದೆ, ವೈದ್ಯರಿದ್ದಾರೆ.

ಹೆಜ್ಜೆ 6: ಕಾಡಿಗೆ ಹೋಗಿ, ಕೇಳಿ ತೆಗೆದುಕೊಳ್ಳಿ

ಯಾರದ್ದೇ ಕಾಡಿನಲ್ಲಾದರೂ ನಡೆಯುವ, ಹಣ್ಣು, ಅಣಬೆ ಕೊಯ್ಯುವ, ಬರಿ ಗಾಳದಲ್ಲಿ ಮೀನು ಹಿಡಿಯುವ ಹಕ್ಕು ಇಲ್ಲಿ ಎಲ್ಲರಿಗೂ ಇದೆ, ವಿದೇಶಿಯರಿಗೂ. ಆ ಹಕ್ಕಿಗೆ ಗಡಿಯೂ ಇದೆ. ಮನೆಯಂಗಳಕ್ಕೆ ಕಾಲಿಡುವಂತಿಲ್ಲ, ಮರ ಕಡಿಯುವುದಿರಲಿ, ಬಿದ್ದ ಮರ, ಪಾಚಿ, ಕಲ್ಲುಹೂ ತೆಗೆಯಲೂ ಒಡೆಯನ ಒಪ್ಪಿಗೆ ಬೇಕು. ಬೆಂಕಿ ಹಾಕಲೂ ಬೇಕು. ಕಾಡ್ಗಿಚ್ಚಿನ ಎಚ್ಚರಿಕೆ ಇರುವ ದಿನ ಸ್ವಂತ ಜಾಗದಲ್ಲೂ ಬಯಲು ಬೆಂಕಿ ಹಾಕಬಾರದು.

ಜುಲೈ ಕೊನೆಗೆ ಬ್ಲೂಬೆರಿ, ಸೆಪ್ಟೆಂಬರಿನಲ್ಲಿ ಕೆಂಪು ಲಿಂಗನ್‌ಬೆರಿ. ಎರಡನೆಯದನ್ನು ಜಜ್ಜಿ ಜಾಡಿಗೆ ತುಂಬಿದರೆ ಸಕ್ಕರೆಯಿಲ್ಲದೆಯೂ ಚಳಿಗಾಲವೆಲ್ಲ ಕೆಡುವುದಿಲ್ಲ, ಅದರೊಳಗೇ ಬೆಂಜೋಯಿಕ್ ಆಮ್ಲವಿದೆ. ಅಣಬೆಯಲ್ಲಿ ಶಾಂಟರೆಲ್ ಒಂದನ್ನು ಮಾತ್ರ ಮೊದಲ ವರ್ಷ ಕಲಿಯಿರಿ. ಬಿಳಿ ಅಣಬೆಗೆ ಕೈ ಹಾಕಲೇಬೇಡಿ, ಸಾಯಿಸುವ ಜಾತಿ ಇಲ್ಲಿನ ಕಾಡಿನಲ್ಲಿ ಸಾಮಾನ್ಯ. ಮನೆಗೆ ಬಂದ ಕೂಡಲೇ ರಕ್ತ ಹೀರುವ ಉಣ್ಣಿ ಕಚ್ಚಿಕೊಂಡಿದೆಯೇ ಎಂದು ಮಂಡಿಯ ಹಿಂಭಾಗ, ಕಂಕುಳು ನೋಡಿಕೊಳ್ಳಿ. ಅದು ಹರಡುವ, ಮಿದುಳಿನ ಉರಿಯೂತ ತರುವ ವೈರಸ್ಸಿಗೆ ಲಸಿಕೆಯಿದೆ, ಬೊರೆಲಿಯಾ ರೋಗಕ್ಕಿಲ್ಲ. ಶರತ್ಕಾಲದಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಯ ದಿನಗಳು, ಕಿತ್ತಳೆ ಬಣ್ಣದ ಟೋಪಿಯಿಲ್ಲದೆ ಕಾಡು ಹೊಗಬೇಡಿ.

ನೀರಿನ ಮೇಲೆ ಹೋದಾಗ ಜೀವರಕ್ಷಕ ಕವಚ ಇರಲಿ, ಗೂಡು ಕಟ್ಟಿದ ದಡಗಳಿಂದ ದೋಣಿ ದೂರವಿರಲಿ. 'ಕುಯ್ಕಾ' ಎಂಬ ಮುಳುಗುಹಕ್ಕಿ ನೀರಿನಂಚಿಗೇ ಮೊಟ್ಟೆಯಿಡುತ್ತದೆ, ದೋಣಿಯ ಅಲೆಗೂ ಗೂಡು ಮುಳುಗಬಹುದು. ನಟ್ಟಿರುಳಲ್ಲಿ ಅದು ಕೂಗಿದರೆ ಮೊದಲ ಸಲ ಯಾರೋ ಅಳುತ್ತಿದ್ದಾರೆ ಎಂದುಕೊಂಡು ನಾನು ಟಾರ್ಚ್ ಹಿಡಿದು ಹೊರಗೆ ಓಡಿದ್ದೆ.

ಹೆಜ್ಜೆ 7: ಮಂಜುಗಡ್ಡೆಯ ಮಾತು ಕೇಳಿಸಿಕೊಳ್ಳಿ

ನೀರು ಅತ್ಯಂತ ಭಾರವಾಗಿರುವುದು 4 ಡಿಗ್ರಿಯಲ್ಲಿ. ಶರತ್ಕಾಲದಲ್ಲಿ ಮೇಲಿನ ನೀರು ತಣಿಯುತ್ತ ತಣಿಯುತ್ತ ಕೆಳಗಿಳಿದು, ಇಡೀ ಸರೋವರ ಒಂದು ಸಲ ತಿರುವಿ ಹಾಕಿದಂತೆ ಕಲೆಯುತ್ತದೆ. ಆಮೇಲೆ ಇನ್ನೂ ತಣಿದ ನೀರು ಹಗುರಾಗಿ ಮೇಲೇ ನಿಂತು ಹೆಪ್ಪುಗಟ್ಟುತ್ತದೆ. ತಳದಲ್ಲಿ ಚಳಿಗಾಲವೆಲ್ಲ ಸುಮಾರು 4 ಡಿಗ್ರಿಯೇ. ಮೀನು ಬದುಕುವುದು ಅದರಿಂದ.

ಚಳಿ ಜೋರಾದ ರಾತ್ರಿ ಸರೋವರ ಹಾಡುತ್ತದೆ. ಮಂಜುಗಡ್ಡೆ ಕುಗ್ಗಿ ಬಿರುಕು ಬಿಟ್ಟಾಗ ಸದ್ದು ಹಲಗೆಯುದ್ದಕ್ಕೂ ಓಡುತ್ತದೆ. ಕೀರಲು ಸ್ವರ ಬೇಗ ತಲುಪುತ್ತದೆ, ಗಡಸು ಸ್ವರ ಹಿಂದಿನಿಂದ ಬರುತ್ತದೆ, ಹಾಗಾಗಿ ತಂತಿಯೊಂದನ್ನು ಎಳೆದು ಬಿಟ್ಟಂತೆ ಕೇಳುತ್ತದೆ. ಹೆದರಬೇಡಿ, ಕಡುಚಳಿಯಲ್ಲಿ ಕೇಳುವ ಈ ಸದ್ದು ಮಂಜು ದುರ್ಬಲವಾಗಿದೆ ಎಂಬ ಸೂಚನೆಯಲ್ಲ. ದೋಣಿಗಟ್ಟೆಯ ಮೇಲೆ ಕುರಿತೊಗಲು ಹಾಸಿ ಕೂತು ಇದನ್ನು ಕೇಳುವುದಕ್ಕಾಗಿಯೇ ನಾನು ಜನವರಿಯಲ್ಲಿ ಇಲ್ಲಿರುತ್ತೇನೆ. ಮಂತ್ರ ಬೇಕಾಗುವುದಿಲ್ಲ, ಇಲ್ಲೂ ಅಲ್ಲೂ ಅಲೆಯುವ ಮನಸ್ಸು ಮುಂದಿನ ಸದ್ದಿಗೆ ಕಾದು ನಿಲ್ಲುತ್ತದೆ.

ನಡೆಯಬೇಕಾದರೆ ಮಾತ್ರ ಕವಿತ್ವ ಬದಿಗಿಡಿ. ಒಬ್ಬರ ನಡಿಗೆಗೆ ಗಟ್ಟಿಯಾದ, ಕಪ್ಪಗೆ ಕಾಣುವ ಹೊಸ ಮಂಜು ಕಡೇಪಕ್ಷ 5 ಸೆಂಟಿಮೀಟರ್ ಇರಬೇಕು, ಹೊಸಬರು ಅದರ ಎರಡರಷ್ಟಾಗುವವರೆಗೆ ಕಾಯಲಿ. ಹಿಮ ಬೆರೆತ ಬಿಳಿ ಮಂಜು ಅಷ್ಟು ಗಟ್ಟಿಯಲ್ಲ. ಜಲಸಂಧಿ, ಹೊಳೆ ಸೇರುವ ಬಾಯಿ, ಜೊಂಡು ಬೆಳೆದ ಜಾಗ, ಸೇತುವೆಯ ಕೆಳಗೆ ಯಾವಾಗಲೂ ತೆಳು. ಕೈಯಲ್ಲಿ ಕಬ್ಬಿಣದ ಮೊನೆಯ ಕೋಲು, ಕೊರಳಲ್ಲಿ ಮಂಜಿಗೆ ಚುಚ್ಚುವ ಮೊಳೆಗಳ ಜೋಡಿ. ಬಿದ್ದರೆ ಬಂದ ದಿಕ್ಕಿಗೇ ತಿರುಗಿ, ಮೊಳೆ ಚುಚ್ಚಿ, ಕಾಲು ಬಡಿದು ಹೊಟ್ಟೆಯ ಮೇಲೆ ಜಾರಿ ಬನ್ನಿ. ಎದ್ದು ನಿಲ್ಲದೆ ಉರುಳಿಕೊಂಡು ದೂರ ಹೋಗಿ. ತುರ್ತಿಗೆ 112. ಇಲ್ಲಿನ 112 ಆ್ಯಪಿನಿಂದ ಕರೆದರೆ ನೀವಿರುವ ಜಾಗ ಅವರಿಗೆ ತಿಳಿಯುತ್ತದೆ, ಸರಳ ಬದುಕಿನಲ್ಲೂ ಈ ಒಂದಕ್ಕೆ ಫೋನ್ ಚಾರ್ಜಿನಲ್ಲಿರಲಿ.

ವಸಂತದಲ್ಲಿ ದಪ್ಪ ನೋಡಿ ಮೋಸ ಹೋಗಬೇಡಿ. ಏಪ್ರಿಲ್‌ನ ಬಿಸಿಲಿಗೆ ಮಂಜು ಉದ್ದುದ್ದ ಕಡ್ಡಿಗಳಾಗಿ ಬಿಡಿಸಿಕೊಳ್ಳುತ್ತದೆ. ಅರ್ಧ ಮೀಟರ್ ದಪ್ಪವಿದ್ದರೂ ಕಾಲಿಟ್ಟಲ್ಲಿ ಕುಸಿಯುತ್ತದೆ.

ಹೆಜ್ಜೆ 8: ನೆರೆಯವರು

ಪೂರ್ತಿ ಒಂಟಿಯಾಗಿರುವುದನ್ನೇ ತಪಸ್ಸು ಎಂದುಕೊಂಡವರು ಮೊದಲ ಹಿಮಪಾತಕ್ಕೇ ಪಾಠ ಕಲಿಯುತ್ತಾರೆ. ಊರವರು ಒಟ್ಟಾಗಿ ಬಿಟ್ಟಿ ಕೆಲಸ ಮಾಡುವ ದಿನಕ್ಕೆ 'ತಾಲ್ಕೂತ್' ಎನ್ನುತ್ತಾರೆ. ದಾರಿ ದುರಸ್ತಿ, ದೋಣಿಗಟ್ಟೆ ಎತ್ತುವುದು, ಬಿದ್ದ ಮರ ತೆಗೆಯುವುದು. ಕರೆದಾಗ ಹೋಗಿ, ಕರೆಯದಿದ್ದರೂ ಹೋಗಿ ನಿಲ್ಲಿ. ಕೆಲಸದ ಕೊನೆಗೆ ಕಾಫಿ, ಸಾಸೇಜ್ ಇರುತ್ತದೆ. ಮಾಂಸ ತಿನ್ನದವರು ಮೊದಲೇ ಹೇಳಿದರೆ ಆಲೂಗಡ್ಡೆ ಸುಟ್ಟು ಕೊಡುತ್ತಾರೆ. ಮಾತು ಕಡಿಮೆ. ಜೊತೆಗೆ ಕೂತು ಸುಮ್ಮನಿರುವುದು ಇಲ್ಲಿ ಅಸಭ್ಯವಲ್ಲ, ಖಾಲಿ ಬಿಟ್ಟ ಹೊತ್ತನ್ನು ತುಂಬಿಸಲು ಹೋಗಬೇಡಿ.

ಮೊದಲ ವರ್ಷ ನನಗೆ ಸೌದೆ ಇಳಿಸಿ ಹೋದ ಹಿರಿಯರು ಈಗಲೂ ಏಪ್ರಿಲ್ ಕೊನೆಗೆ ನನ್ನ ದೋಣಿಗಟ್ಟೆಗೆ ಬಂದು ಕೂರುತ್ತಾರೆ. ಮಂಜು ಬಿಡುವ ದಿನ ಯಾವುದು ಎಂದು ನಾವಿಬ್ಬರೂ ಒಂದೊಂದು ತಾರೀಕು ಹೇಳಿ ಗೋಡೆಗೆ ಬರೆದಿಡುತ್ತೇವೆ. ನಾನು ಈವರೆಗೆ ಗೆದ್ದಿಲ್ಲ. ಗಾಳಿ ಎದ್ದ ಒಂದು ಮಧ್ಯಾಹ್ನ ಕಡ್ಡಿ ಮಂಜು ದಡಕ್ಕೆ ಬಂದು ಗಾಜಿನ ಬಳೆ ಒಡೆದಂತೆ ಸದ್ದು ಮಾಡುತ್ತ ರಾಶಿ ಬೀಳುತ್ತದೆ, ಸಂಜೆಗೆ ನೀರು ತೆರೆದಿರುತ್ತದೆ. ಅಷ್ಟರೊಳಗೆ ಬರುವ ಚಳಿಗಾಲದ ಬರ್ಚ್ ಸೀಳಿ ಮುಗಿದಿರಬೇಕು. ಒಣಗಾಳಿ ಸಿಗುವುದು ಇನ್ನು ಕೆಲವೇ ವಾರ.